ಬಾವಲಿಯ ಕೂಗು, ಪತಂಗದ ಕಿವಿ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ವಾದದಲ್ಲಿ ಸೋತ ಶಿಷ್ಯ ತನ್ನ ಮಣೆಯನ್ನೆತ್ತಿ ಗೋಡೆಗೆ ಒರಗಿಸಿ ಹೊರಟುಹೋಗಬೇಕು. ಮತ್ತೆ ಅವನಿಗೆ ಅಲ್ಲಿ ಪಾಠವಿಲ್ಲ.

ಅಂದು ಮಧ್ಯಾಹ್ನ ಪರವೂರಿನ ಪಂಡಿತರು ವಾದಕ್ಕೆ ಬಂದರು; ಅವರೆದುರು ಕುಳಿತ ಅಡಿವೆಯ್ಯ ಕೊನೆಗೆ ಮಣೆ ಒರಗಿಸಿದ. ಹೊರಗೆ ಹೋಗಿದ್ದ ಗುರು ಈರವ್ವ ಸಂಜೆ ಮರಳಿದಾಗ ಅವಳ ಕಾಲಿಗೆ ಬಿದ್ದ.

“ಹೊರಡುತ್ತೇನೆ, ಅವ್ವ.”

“ಬಂದ ಪಂಡಿತರು ಅಂಥದ್ದೇನು ಕೇಳಿದರು?”

“ಗುರುವಿಲ್ಲದೆ ವಿದ್ಯೆ ಬರುತ್ತದೆಯೇ ಎಂದರು.”

ಈರವ್ವ ಯಾರ ಮುಂದೆಯೂ ಪಾಠಕ್ಕೆ ಕುಳಿತವಳಲ್ಲ. ತಾನೇ ಅಕ್ಷರ ಕೂಡಿಸಿ ಓದಲು ಕಲಿತವಳು. ಅದು ಊರಿಗೆಲ್ಲ ಗೊತ್ತಿತ್ತು.

“ನೀನೇನು ಹೇಳಿದೆ?”

“ಬಾಯಿ ಕಟ್ಟಿತು. ಸುಮ್ಮನೆ ಕುಳಿತೆ. ಎಲ್ಲರೂ ನಕ್ಕರು.”

“ಹೋಗುವಿಯಂತೆ. ಮೊದಲು ಅಲ್ಲಿ ನೋಡು.”

ಹೊಳೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಕಂದು ಬಣ್ಣದ ಪತಂಗವೊಂದು ಹಾರುತ್ತಿತ್ತು. ಬಂಡೆಯ ಬಿರುಕಿನಿಂದ ಹೊರಬಿದ್ದ ಸಣ್ಣ ಬಾವಲಿ ಅದರತ್ತ ನುಗ್ಗಿತು.

ಪತಂಗ ರೆಕ್ಕೆ ಮಡಚಿ ತಟ್ಟನೆ ಹುಲ್ಲಿಗೆ ಬಿತ್ತು. ಬಾವಲಿ ಬರಿಗಾಳಿ ಕಚ್ಚಿಕೊಂಡು ಮುಂದೆ ಹೋಯಿತು.

“ಎರಡರಲ್ಲಿ ಯಾವುದು ಜಾಣ?”

“ಬಾವಲಿಯೇ. ಕತ್ತಲಲ್ಲೂ ಕೂಗಿ ಕೂಗಿ ದಾರಿ ಕಂಡುಕೊಳ್ಳುತ್ತದೆ. ಪತಂಗ ನನ್ನ ಹಾಗೆ, ಹೆದರಿ ಬಿತ್ತು.”

“ಬಾವಲಿಯ ಕೂಗು ನಿನಗೆ ಕೇಳಿಸಿತೇನು?”

“ಇಲ್ಲ.”

“ಪತಂಗಕ್ಕೆ ಕೇಳಿಸಿತು. ಅದಕ್ಕೇ ರೆಕ್ಕೆ ಮಡಚಿ ಉಳಿಯಿತು.”

ಅಡಿವೆಯ್ಯ ಹುಲ್ಲಿನತ್ತ ಬಗ್ಗಿದ. ಪತಂಗ ಅವನ ಮುಖದ ಮುಂದಿನಿಂದಲೇ ಎದ್ದು ಹಾರಿತು.

“ಪಂಡಿತರ ಪ್ರಶ್ನೆಯಲ್ಲಿ ನಿನಗೇನು ಕೇಳಿಸಿತು?”

“ಬರುತ್ತದೆ ಎಂದರೆ, ‘ಮತ್ತೆ ನೀನೇಕೆ ಇಲ್ಲಿ ಕುಳಿತಿದ್ದೀಯ’ ಎನ್ನುತ್ತಿದ್ದರು. ಬರುವುದಿಲ್ಲ ಎಂದರೆ, ನಿಮಗೆ ವಿದ್ಯೆಯಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು.”

“ಇಷ್ಟೆಲ್ಲ ಕೇಳಿಸಿಕೊಂಡೇ ಸುಮ್ಮನಿದ್ದವನಿಗೆ, ಸೋತೆ ಎಂದವರು ಯಾರು?”

ಅಡಿವೆಯ್ಯ ತಲೆ ಕೆರೆದುಕೊಂಡ. “ಯಾರೂ ಇಲ್ಲ. ನಾನೇ ಮಣೆ ಎತ್ತಿದೆ.”

“ತೀರ್ಪು ಹೇಳಬೇಕಾದವಳು ನಾನು. ನನ್ನನ್ನು ಕೇಳದೆ ಎತ್ತಿದ್ದಕ್ಕೆ ನಾಳೆ ಎಲ್ಲರ ಮಣೆಯನ್ನೂ ನೀನೇ ತೊಳೆ. ತೊಳೆದಾದ ಮೇಲೆ ಪಾಠಕ್ಕೆ ಬಾ.”

ಹೋದ ಜೀವ ಬಂದಂತಾಯಿತು ಅಡಿವೆಯ್ಯನಿಗೆ. ನಗುತ್ತಲೇ ಕಣ್ಣೊರೆಸಿಕೊಂಡ.

“ಪಂಡಿತರು ಮತ್ತೆ ಕೇಳಿದರೆ ಏನೆನ್ನಲಿ, ಅವ್ವ? ನಿಮಗಂತೂ ಗುರುಗಳು ಇರಲಿಲ್ಲವಲ್ಲ?”

“ಯಾರು ಹೇಳಿದ್ದು? ಇಬ್ಬರು ಈಗಷ್ಟೇ ನಿನ್ನ ಕಣ್ಣೆದುರೇ ಹಾರಿಹೋದರು.”