ಹಂಪವ್ವನ ಕೈಗುಣ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನಾನು ಕೊಡುವ ಮನೆಮದ್ದಿನಿಂದ ಕೆಮ್ಮು, ನೆಗಡಿ ವಾಸಿಯಾಗುತ್ತವೆ. ಜನ ನನ್ನ ಕೈಗುಣ ಒಳ್ಳೆಯದು ಎಂದು ನಂಬಿ ಬರುತ್ತಾರೆ. ಈ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆ?”

ಗುರುಗಳು ಹೇಳಿದರು:

ಹೊಳೆಯ ದಂಡೆಯ ಒಂದು ಊರಿನಲ್ಲಿ ಹಂಪವ್ವ ಎಂಬ ಮುದುಕಿ ಇದ್ದಳು. ಮಕ್ಕಳಿಗೆ ಕೆಮ್ಮು ಬಂದರೆ ದೊಡ್ಡಪತ್ರೆಯ ರಸಕ್ಕೆ ಜೇನು ಸೇರಿಸಿ ನೆಕ್ಕಿಸುತ್ತಿದ್ದಳು. ಹೊಟ್ಟೆ ಉಬ್ಬರಿಸಿದವರಿಗೆ ಓಮದ ಕಷಾಯ ಕೊಡುತ್ತಿದ್ದಳು. ಗಂಟಲು ಕಟ್ಟಿದವರಿಗೆ ಅರಿಶಿನ ಹಾಕಿ ಕಾಯಿಸಿದ ಹಾಲು. ಬಂದವರೆಲ್ಲ ಗುಣವಾಗಿ ಹೋಗುತ್ತಿದ್ದರು. ಹಂಪವ್ವನ ಕೈ ಮುಟ್ಟಿದರೆ ಸಾಕು ಎಂದು ಊರು ಹೇಳುತ್ತಿತ್ತು. ಆ ಮಾತು ಕೇಳಲು ಅವಳಿಗೂ ಹಿತವಾಗಿತ್ತು.

ಅದೇ ಊರಿನಲ್ಲಿ ದುರುಗಪ್ಪನೆಂಬ ಅಂಬಿಗ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದ. ಒಮ್ಮೆ ಅವನ ಹೆಂಡತಿ ಲಚುಮವ್ವನಿಗೆ ಹೊಟ್ಟೆನೋವು ಬಂತು. ಹಂಪವ್ವ ಓಮದ ಕಷಾಯ ಕೊಟ್ಟಳು. ನೋವು ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ದುರುಗಪ್ಪ ಮತ್ತೆ ಬಂದು ಕರೆದ. ಮುದುಕಿ ಹೋಗಿ ನೋಡಿದಳು. ಲಚುಮವ್ವನಿಗೆ ಜ್ವರ ಏರಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮುಟ್ಟಲು ಹೋದರೆ ಚೀರುತ್ತಿದ್ದಳು.

“ಇವಳನ್ನು ಆಚೆ ದಡದ ಆಸ್ಪತ್ರೆಗೆ ಕರೆದುಕೊಂಡು ಹೋಗು,” ಎಂದಳು ಹಂಪವ್ವ.

“ಬೇಡ ಅವ್ವಾ. ಅಲ್ಲಿಗೆ ಹೋಗಿ ಹೆಣವಾಗಿ ಬಂದವರನ್ನು ನಾನೇ ನನ್ನ ಹರಿಗೋಲಿನಲ್ಲಿ ದಾಟಿಸಿದ್ದೇನೆ.”

“ತಡವಾಗಿ ಹೋದವರನ್ನು ದಾಟಿಸಿದ್ದೀಯ, ದುರುಗಪ್ಪ.”

ಅವನು ಅವಳ ಕಾಲು ಹಿಡಿದುಕೊಂಡ. “ನೀನೇ ಏನಾದರೂ ಕೊಡವ್ವಾ. ನಿನ್ನ ಕೈಯಿಂದ ಬರೀ ನೀರು ಕೊಟ್ಟರೂ ಇವಳು ಬದುಕುತ್ತಾಳೆ.”

ಆ ಮಾತಿಗೆ ಹಂಪವ್ವ ಬೆಚ್ಚಿದಳು. ತಾನು ಏನು ಕೊಟ್ಟರೂ ಇವನು ಕುಡಿಸುತ್ತಾನೆ, ಕುಡಿಸಿ ಕಾಯುತ್ತಾ ಕೂರುತ್ತಾನೆ ಎಂದು ಅವಳಿಗೆ ಅರಿವಾಯಿತು. ಸುಮ್ಮನೆ ಬುದ್ಧಿ ಹೇಳಿದರೆ ಅವನು ಹೊರಡುವಂತಿರಲಿಲ್ಲ. ಅವಳು ಎದ್ದು ಬಾಗಿಲಿಗೆ ಬಂದಳು. ಹೊರಗೆ ನೆರೆಹೊರೆಯವರು ನಿಂತಿದ್ದರು. ಅವರೆಲ್ಲರಿಗೂ ಕೇಳುವಂತೆ, “ನನ್ನ ಕೈಲಿ ಏನೂ ಇಲ್ಲ. ಈ ನೋವು ಏನೆಂದು ನನಗೆ ಗೊತ್ತಿಲ್ಲ. ನಿನ್ನೆ ಕೊಟ್ಟದ್ದೂ ತಿಳಿಯದೆ ಕೊಟ್ಟದ್ದು,” ಎಂದಳು.

ದುರುಗಪ್ಪನಿಗೆ ಸಿಟ್ಟು ಬಂತು. “ಗೊತ್ತಿಲ್ಲದವಳು ಒಂದು ದಿನ ಯಾಕೆ ಹಾಳು ಮಾಡಿದೆ?” ಎಂದು ಕೂಗಿದ. ಅವನು ಹೆಂಡತಿಯನ್ನು ಎತ್ತಿಕೊಂಡು ಹೊಳೆಯ ಕಡೆ ನಡೆದ. ಮುದುಕಿ ಹಿಂದೆಯೇ ಹೋಗಿ, ಕೇಳದೆ ಹರಿಗೋಲು ಹತ್ತಿ, ಲಚುಮವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಚೆ ದಡ ಮುಟ್ಟುವವರೆಗೆ ದುರುಗಪ್ಪ ಹಂಪವ್ವನ ಮುಖ ನೋಡಲಿಲ್ಲ.

ಆಸ್ಪತ್ರೆಯವರು ಹೊಟ್ಟೆ ಕೊಯ್ದು, ಕೀವು ತುಂಬಿ ಒಡೆಯುವಂತಿದ್ದ ಕರುಳಿನ ತುದಿಯನ್ನು ತೆಗೆದರು. ಇನ್ನು ಸ್ವಲ್ಪ ಹೊತ್ತು ತಡೆದಿದ್ದರೆ ಕಷ್ಟವಿತ್ತು ಎಂದರು. ಲಚುಮವ್ವ ಚೇತರಿಸಿಕೊಂಡು ಊರಿಗೆ ಬಂದಳು.

ದುರುಗಪ್ಪ ಹಂಪವ್ವನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತ. “ಅವ್ವಾ, ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ,” ಎಂದ. ಅವಳು ಅವನಿಗೆ ಕುಡಿಯಲು ಮಜ್ಜಿಗೆ ಕೊಟ್ಟು, “ಲಚುಮವ್ವ ಊಟ ಮಾಡುತ್ತಾಳಾ?” ಎಂದಷ್ಟೇ ಕೇಳಿದಳು.

ಆದರೆ ಅಂದು ಬಾಗಿಲಲ್ಲಿ ಅವಳು ಆಡಿದ ಮಾತನ್ನು ಊರು ಮರೆಯಲಿಲ್ಲ. ಅವಳ ಬಾಯಿಂದಲೇ ಬಂತಲ್ಲ, ಅವಳಿಗೆ ಏನೂ ತಿಳಿಯದು ಎಂದರು. ದುರುಗಪ್ಪ ನಡೆದದ್ದನ್ನು ಎಷ್ಟು ಬಿಡಿಸಿ ಹೇಳಿದರೂ, ಹೆಂಡತಿ ಬದುಕಿದ ಸಂತೋಷಕ್ಕೆ ಹಾಗೆನ್ನುತ್ತಾನೆ ಎಂದರು. ಮಕ್ಕಳ ಕೆಮ್ಮಿಗೆ ಕೂಡ ಪಕ್ಕದ ಊರಿನ ಮದ್ದು ಕೊಡುವವರನ್ನು ಹುಡುಕಿಕೊಂಡು ಹೋದರು. ಹಂಪವ್ವನ ಅಂಗಳದ ದೊಡ್ಡಪತ್ರೆ ಕೀಳುವವರಿಲ್ಲದೆ ಹಬ್ಬಿ ದಾರಿಯವರೆಗೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ನೋವಾಯಿತು. “ಇದೆಂಥ ಅನ್ಯಾಯ, ಗುರುಗಳೇ! ಜೀವಮಾನವೆಲ್ಲ ಗಳಿಸಿದ ನಂಬಿಕೆ ಆಕೆಯ ಒಂದೇ ಮಾತಿನಿಂದ ಹೋಯಿತಲ್ಲ?” ಎಂದ.

ಗುರುಗಳು ಹೇಳಿದರು: “ಹೋಯಿತು; ಲಚುಮವ್ವ ಉಳಿದಳು.”