ದೂಮ ಆರಿಸಿದ ಹವಳ

ಕಡಲೊಳಗಿನ ಒಂದು ಕಾಡಿನಲ್ಲಿ ದೇಯಕ್ಕ ಎಂಬ ಸಿಗಡಿಯೂ ದೂಮ ಎಂಬ ಪುಟ್ಟ ಮೀನೂ ಒಂದೇ ಬಿಲದಲ್ಲಿ ವಾಸವಾಗಿದ್ದರು. ಅದು ಮರಗಳ ಕಾಡಲ್ಲ, ಹವಳದ ಕಾಡು. ದೇಯಕ್ಕನಿಗೆ ಕಣ್ಣು ಮಂಜು, ಆದರೆ ಮರಳು ತೋಡುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ದೂಮನಿಗೆ ತೋಡಲು ಬಾರದು, ಆದರೆ ಅವನ ಕಣ್ಣು ಬಲು ಚುರುಕು. ಅವಳು ಬಿಲ ತೋಡುತ್ತಿದ್ದಳು, ಅವನು ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದ. ದೇಯಕ್ಕ ತನ್ನ ಉದ್ದನೆಯ ಮೀಸೆಯನ್ನು ಸದಾ ಅವನ ಬಾಲಕ್ಕೆ ತಾಗಿಸಿಕೊಂಡಿರುತ್ತಿದ್ದಳು. ಬಾಲ ಅದುರಿತೆಂದರೆ ಅಪಾಯ. ಕೂಡಲೇ ಇಬ್ಬರೂ ಒಳಗೆ ನುಗ್ಗುತ್ತಿದ್ದರು.

ಒಂದು ಸಲ ದೊಡ್ಡ ಬಿರುಗಾಳಿ ಬೀಸಿ ಅವರ ಬಿಲ ಮುಚ್ಚಿಹೋಯಿತು. ಇಬ್ಬರೂ ದಡದ ಹತ್ತಿರದ ಒಂದು ಬಂಡೆಗುಂಡಿಗೆ ಬಂದು ಸೇರಿ, ಅಲ್ಲಿನ ಮರಳಿನಲ್ಲಿ ಹೊಸ ಬಿಲ ತೋಡಿಕೊಂಡರು. ಗುಂಡಿ ಹಂಡೆಯ ಹಾಗಿತ್ತು. ಭರತದ ಹೊತ್ತಿಗೆ ಕಡಲು ಅಂಚು ದಾಟಿ ಒಳಗೆ ತುಂಬುತ್ತಿತ್ತು. ಇಳಿತದ ಹೊತ್ತಿಗೆ ಅಂಚು ನೀರಿನಿಂದ ಮೇಲೆದ್ದು, ಒಳಗಿನ ನೀರು ತಾಸುಗಟ್ಟಲೆ ಅಲುಗದೆ ಬಿಸಿಲಿಗೆ ಬೆಚ್ಚಗಾಗುತ್ತ ನಿಲ್ಲುತ್ತಿತ್ತು. ಆಗ ಬೂದು ಬಣ್ಣದ ಕೊಕ್ಕರೆಯೊಂದು ಅಂಚಿನ ಮೇಲೆ ಕೂತು ಕತ್ತು ಚಾಚುತ್ತಿತ್ತು. ಗುಂಡಿಯಲ್ಲಿ ಇದ್ದದ್ದು ಬರೀ ಮರಳು, ಮರೆ ಎಂಬುದೇ ಇರಲಿಲ್ಲ. ಮೇಯಲು ಹೊರಗೆ ಬರಲಾಗದೆ ಇಬ್ಬರೂ ಸೊರಗಿದರು.

ಹವಳ ತಂದು ನೆಡದೆ ಇಲ್ಲಿ ಬಾಳುವೆ ಇಲ್ಲ ಎಂದು ದೇಯಕ್ಕ ಹೇಳಿದಳು. ಬಿರುಗಾಳಿಗೆ ಮುರಿದ ಹವಳದ ತುಂಡುಗಳು ಹೊರಗೆ ರಾಶಿ ಬಿದ್ದಿದ್ದವು. ಹವಳವೆಂದರೆ ಬರಿಯ ಕಲ್ಲಲ್ಲ, ಸಾವಿರಾರು ಪುಟಾಣಿ ಜೀವಗಳು ಕೂಡಿ ಬಾಳುವ ಮನೆ. ಜೀವವಿರುವ ತುಂಡನ್ನು ಅದಕ್ಕೆ ಒಗ್ಗುವ ಜಾಗದಲ್ಲಿಟ್ಟರೆ ಅಲ್ಲೇ ಕಚ್ಚಿಕೊಂಡು ಬೆಳೆಯುತ್ತದೆ. ಹೊತ್ತು ತರಲು ಬೊಗ್ಗಣ್ಣ ಎಂಬ ಏಡಿ ಒಪ್ಪಿದ. ಆದರೆ ನಾಲ್ಕು ದಿನದಲ್ಲಿ ತಾನು ಚಿಪ್ಪು ಕಳಚಬೇಕು, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅಡಗಿಯೇ ಇರಬೇಕು, ಅಷ್ಟರೊಳಗೆ ಏಳು ತುಂಡು ತರಬಲ್ಲೆ ಎಂದ.

ಯಾವ ಹವಳ ತರಿಸುವುದು? ದೂಮ ಹೋಗಿ ನೋಡಿ ಬಂದ. ಒಂದು ಬಗೆಯದು ಜಿಂಕೆಯ ಕೊಂಬಿನಂತೆ ಕವಲೊಡೆದಿತ್ತು, ತುದಿಯಲ್ಲಿ ನೀಲಿ ಮಿನುಗುತ್ತಿತ್ತು. ಇನ್ನೊಂದು ಕಂದು ಬಣ್ಣದ್ದು, ಮೆತ್ತಗೆ, ಅಣಬೆಯ ಹಾಗೆ ಟೊಪ್ಪಿ ಬಿಚ್ಚಿಕೊಂಡಿತ್ತು. ನೀಲಿಯನ್ನು ವರ್ಣಿಸುವಾಗ ದೂಮನ ಮಾತೇ ನಿಲ್ಲಲಿಲ್ಲ. ದೇಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು.

“ನೀಲಿ ಹವಳ ಮೊದಲು ಯಾವ ನೀರಿನಲ್ಲಿತ್ತು, ದೂಮ?” ಎಂದು ಕೇಳಿದಳು.

ಅದನ್ನು ದೂಮ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಭರತದ ನೀರಿನೊಂದಿಗೆ ಹೊನ್ನಯ್ಯ ಒಳಗೆ ಬಂದ. ಅವನು ಚಿಟ್ಟೆಮೀನು. ತಟ್ಟೆಯಂಥ ಅಗಲ ಮೈ, ಅರಿಶಿನದ ಬಣ್ಣ, ಚಿಮುಟದಂಥ ಚೂಪು ಬಾಯಿ. ಹೊಸ ಮನೆಯನ್ನು ಸುತ್ತಿ ನೋಡಿ ಮೆಚ್ಚಿದ. ಹೊರದಂಡೆಯ ದೊಡ್ಡ ಮನೆತನದವರೆಲ್ಲ ನೀಲಿ ಹವಳವನ್ನೇ ಇಟ್ಟುಕೊಂಡಿದ್ದಾರೆ ಎಂದ. ಅಲ್ಲಿ ಹಗಲಿಡೀ ಅಲೆ ಬಡಿಯುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

“ಬಂದವರ ಕಣ್ಣು ತುಂಬಬೇಕು, ದೂಮಣ್ಣ. ಆ ಕಂದು ಟೊಪ್ಪಿಯನ್ನು ಯಾರು ನೋಡುತ್ತಾರೆ? ನೀಲಿ ತರಿಸು. ದಿನಾ ಬಂದು ಉಜ್ಜಿ ಚೊಕ್ಕಟ ಮಾಡಿಕೊಡುವುದು ನನ್ನ ಪಾಲಿಗಿರಲಿ.”

ದೇಯಕ್ಕ ಬೇಡವೆಂದಳು. ಇಲ್ಲಿನ ನೀರು ಅರ್ಧ ದಿನ ನಿಂತೇ ಇರುತ್ತದೆ, ಗಟ್ಟಿ ಜೀವವೇ ಬೇಕು ಎಂದಳು. ದೂಮನಿಗೆ ಸಿಟ್ಟು ಬಂತು. ಬಣ್ಣ ಕಾಣದವಳಿಗೆ ಬಣ್ಣದ ಮಾತೇಕೆ ಎಂದುಬಿಟ್ಟ. ದೇಯಕ್ಕ, ಬಿಲದ ಬಾಗಿಲಿಗೆ ಕಂದು ಹವಳ ಒಂದಾದರೂ ಇರಲಿ ಎಂದಷ್ಟೇ ಕೇಳಿಕೊಂಡಳು. ಬೊಗ್ಗಣ್ಣ ಆರು ನೀಲಿ, ಒಂದು ಕಂದು ತಂದಿಟ್ಟು ಚಿಪ್ಪು ಕಳಚಲು ಹೋದ.

ಮೊದಲ ವಾರ ಗುಂಡಿ ಅರಮನೆಯಂತಿತ್ತು. ಆಚೀಚೆಯ ಮೀನುಗಳು ಭರತದಲ್ಲಿ ಬಂದು ನೋಡಿ ಹೋದವು. ದೂಮ ಎದೆಯುಬ್ಬಿಸಿ ತಿರುಗಿದ. ಹೊನ್ನಯ್ಯ ಕೊಟ್ಟ ಮಾತಿನಂತೆ ದಿನಾ ಬಂದು ಕೊಂಬೆಕೊಂಬೆಗೂ ಬಾಯಿಟ್ಟು ಚೊಕ್ಕಟ ಮಾಡಿದ. ಎರಡನೆಯ ವಾರ ತುದಿಗಳು ಬಿಳಿಚಿದವು. ಬೇರು ಹಿಡಿಯುವಾಗ ಹವಳ ಹಾಗೆಯೇ ಬಿಳಿಚುತ್ತದೆ ಎಂದು ಹೊನ್ನಯ್ಯ ಸಮಾಧಾನ ಹೇಳಿದ. ದೂಮ ನಂಬಿದ. ನಂಬುವುದೇ ಅವನಿಗೆ ಬೇಕಾಗಿತ್ತು.

ದೇಯಕ್ಕ ಒಂದು ದಿನ ಮೀಸೆ ಚಾಚಿ ನೀಲಿ ಹವಳವೊಂದನ್ನು ಮುಟ್ಟಿದಳು. ಮೊದಲು ಮುಟ್ಟಿದಾಗ ಸಾವಿರ ಪುಟ್ಟ ಕೈಗಳು ಮೀಸೆಯನ್ನು ಹಿಡಿದುಕೊಂಡಿದ್ದವು. ಈಗ ಒಂದೂ ಇರಲಿಲ್ಲ.

“ತಮ್ಮಾ, ನನಗೆ ಬಣ್ಣ ಕಾಣದು. ಆದರೆ ಇದರಲ್ಲಿ ಯಾರೂ ಇಲ್ಲ” ಎಂದಳು.

ಮರುದಿನ ಭರತದಲ್ಲಿ ಹೊನ್ನಯ್ಯ ಬಂದಾಗ ದೂಮ ಕಂದು ಟೊಪ್ಪಿಯ ಕೆಳಗೆ ನಿಂತು ಕಣ್ಣಿಟ್ಟು ನೋಡಿದ. ಹೊನ್ನಯ್ಯ ಉಜ್ಜುತ್ತಿರಲಿಲ್ಲ. ಅಳಿದುಳಿದ ಪುಟಾಣಿ ಜೀವಗಳನ್ನು ಚೂಪು ಬಾಯಿಯಿಂದ ಒಂದೊಂದಾಗಿ ಹೆಕ್ಕಿ ನುಂಗುತ್ತಿದ್ದ. ದೂಮ ಎದುರಿಗೆ ಬಂದು ನಿಂತ. ಹೊನ್ನಯ್ಯ ನಾಚಿಕೊಳ್ಳಲೂ ಇಲ್ಲ, ತಿನ್ನುವುದನ್ನು ನಿಲ್ಲಿಸಲೂ ಇಲ್ಲ.

“ಈ ನಿಂತ ನೀರಿನಲ್ಲಿ ಅವು ಹೇಗೂ ಬದುಕುತ್ತಿರಲಿಲ್ಲ. ಮೊದಲ ದಿನವೇ ನನಗೆ ಗೊತ್ತಿತ್ತು. ಸಾಯುವುದನ್ನು ತಿಂದರೆ ತಪ್ಪೇನು?” ಎಂದ.

“ಗೊತ್ತಿದ್ದೂ ತರಿಸು ಎಂದೆಯಲ್ಲ” ಎಂದ ದೂಮ.

ಅಲೆ ಬಡಿಯುವ ಹೊರದಂಡೆಯಲ್ಲಿ ತಿನ್ನಲು ಕಷ್ಟ, ಇಲ್ಲಿ ಆರಾಮ ಎಂದು ಹೊನ್ನಯ್ಯ ಹೇಳಿದ. ಕೊನೆಯ ಕೊಂಬೆಯೊಂದರಲ್ಲಿ ಮಾತ್ರ ಇನ್ನೂ ಜೀವವಿತ್ತು. ಅದನ್ನೂ ಮುಗಿಸಿಯೇ ಹೋಗುತ್ತೇನೆಂದು ಅತ್ತ ತಿರುಗಿದ. ದೂಮ ಅಡ್ಡ ನಿಂತ. ಹೊನ್ನಯ್ಯ ಅವನ ಹತ್ತು ಪಟ್ಟು ದೊಡ್ಡವನು. ತಳ್ಳಿದ, ಹೊಡೆದ. ಈ ಜಗಳದಲ್ಲಿ ಕಡಲು ಇಳಿದದ್ದು ಇಬ್ಬರಿಗೂ ತಿಳಿಯಲಿಲ್ಲ. ಗುಂಡಿಯ ಅಂಚು ಮೇಲೆದ್ದಿತು. ಹೊರಗೆ ಹೋಗುವ ದಾರಿ ಮುಚ್ಚಿತು.

ಕೊಕ್ಕರೆಯ ನೆರಳು ನೀರಿನ ಮೇಲೆ ಬಿತ್ತು. ದೂಮ ಬಿಲಕ್ಕೆ ಹಾರಿದ. ಹೊನ್ನಯ್ಯ ಕೊಂಬೆಗಳ ನಡುವೆ ನುಗ್ಗಿದ. ಅವನೇ ತಿಂದು ಬಿಳಿಚಿಸಿದ ಕೊಂಬೆಗಳ ನಡುವೆ ಅವನ ಅರಿಶಿನ ಬಣ್ಣ ಎದ್ದು ಕಂಡಿತು. ದೇಯಕ್ಕ ಬಾಗಿಲಿಗೆ ಬಂದು, ಇತ್ತ ಬಾ, ಟೊಪ್ಪಿಯ ಕೆಳಗೆ ಬಾ ಎಂದು ಕೂಗಿದಳು. ಅವನು ಬಂದ. ಆದರೆ ಅಲ್ಲಿದ್ದದ್ದು ಒಂದೇ ಟೊಪ್ಪಿ, ಅವನ ಅಗಲ ಮೈ ಅದರಡಿ ಅರ್ಧವೂ ಹಿಡಿಸಲಿಲ್ಲ. ಕೊಕ್ಕರೆ ಒಮ್ಮೆ ಕುಕ್ಕಿತು. ನೀರು ಕದಡಿ ಮತ್ತೆ ತಿಳಿಯಾದಾಗ ಹೊನ್ನಯ್ಯ ಇರಲಿಲ್ಲ.

ದೂಮನಿಗೆ ಅದರಿಂದ ಸಂತೋಷವಾಗಲಿಲ್ಲ. ಸತ್ತ ಐದು ಹವಳಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ತಿಂದವನು ಹೊನ್ನಯ್ಯ, ಆದರೆ ತರಿಸಿದವನು ತಾನು ಎಂದು ದೇಯಕ್ಕನ ಮುಂದೆ ಒಪ್ಪಿಕೊಂಡ. ಕಣ್ಣಿನ ಬಗ್ಗೆ ಆಡಿದ ಮಾತಿಗೂ ತಪ್ಪಾಯಿತು ಅಂದ. ದೇಯಕ್ಕ ಮೀಸೆಯನ್ನು ಅವನ ಬಾಲಕ್ಕೆ ತಾಗಿಸಿ ಕೂತಳು.

ಹೊಸ ಚಿಪ್ಪು ಗಟ್ಟಿಯಾಗಿ ಬೊಗ್ಗಣ್ಣ ಬಂದಾಗ ದೂಮ ಅವನ ಜೊತೆಗೇ ಹೊರಟ. ಈ ಸಲ ರಾಶಿಯಿಂದ ಆರಿಸಲಿಲ್ಲ. ನಿಂತ ನೀರಿನ ಬೇರೆ ಗುಂಡಿಗಳಿಗೆ ಹೋಗಿ, ಅಲ್ಲಿ ಯಾವ ಹವಳ ಬಿಸಿಲು ತಡೆದು ನಿಂತಿದೆ ಎಂದು ನೋಡಿದ. ಎಲ್ಲೆಡೆ ಕಂದು ಟೊಪ್ಪಿಗಳೇ ಇದ್ದವು. ಅದೇ ಜಾತಿಯ ಮುರಿದ ತುಂಡು ನಾಲ್ಕನ್ನು ಹುಡುಕಿ ತರಿಸಿ, ಬೆಳೆಯಲು ಎಡೆಬಿಟ್ಟು ಇಡಿಸಿದ. ಕೆಲವು ತಿಂಗಳಲ್ಲಿ ಅವು ಮರಳಿನ ಮೇಲೆ ನೆರಳು ಹಾಸಿದವು. ಕೊಕ್ಕರೆ ಬಂದು ಕತ್ತು ಚಾಚಿ, ಏನೂ ಕಾಣದೆ ಹಾರಿಹೋಗುತ್ತಿತ್ತು.

ಉಳಿದಿದ್ದ ಒಂದೇ ನೀಲಿ ಕೊಂಬೆಯನ್ನು ಅವನು ಇಟ್ಟುಕೊಳ್ಳಲಿಲ್ಲ. ಬೊಗ್ಗಣ್ಣ ಕಂದು ತುಂಡು ತರಲು ಹೊರಟ ಮೊದಲ ಸಲವೇ ಅದನ್ನು ಹೊರಿಸಿ, ಅಲೆ ಬಡಿಯುವ ಹೊರದಂಡೆಗೆ ಕಳುಹಿಸಿದ್ದ. ಆಮೇಲೊಂದು ದಿನ ಧೈರ್ಯ ಮಾಡಿ ಅಲ್ಲಿಗೆ ಹೋಗಿ ನೋಡಿದ. ಅದು ಮೂರು ಕವಲೊಡೆದಿತ್ತು. ಮನೆಗೆ ಬಂದು ದೇಯಕ್ಕನಿಗೆ ಆ ನೀಲಿ ಹೇಗಿತ್ತೆಂದು ಹೇಳಿದ. ಅವಳು ಕೊನೆಯವರೆಗೂ ಕೇಳಿ, ಇನ್ನೊಮ್ಮೆ ಹೇಳು ಎಂದಳು.

ನೀತಿ: ಚೆಂದವೆಂದು ಮನೆಗೆ ತರುವ ಮೊದಲು, ಅದು ನಮ್ಮಲ್ಲಿ ಬದುಕಬಲ್ಲದೇ ಎಂದು ಯೋಚಿಸಬೇಕು. ಹೊಗಳಿ ಸಲಹೆ ಕೊಡುವವನ ಲಾಭ ಎಲ್ಲಿದೆ ಎಂಬುದನ್ನೂ ನೋಡಬೇಕು.