ಉಪ್ಪು ಬಿಟ್ಟವಳ ಅಡುಗೆ

“ದೊಡ್ಡಮ್ಮ, ನನ್ನಲ್ಲಿ ಏನು ಕಮ್ಮಿಯಾಗಿದೆ ಅಂತ ಒಂದು ಸಲ ಹೇಳಿಬಿಡಿ. ಹನ್ನೊಂದು ವರ್ಷ ಆಯ್ತು. ನನಗೆ ಕಾವಿ ಯಾವಾಗ?”

ವಸುಮತಿ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದಳು. ಗುರುಗಳ ಮುಂದೆ ಕೂತು ಮಾತಾಡಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಆಶ್ರಮಕ್ಕೆ ಬಂದ ಹೊಸಬರಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಆ ದಿನ ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಬೆಳಿಗ್ಗೆ ತಾನೇ ತಿಳಿದಿತ್ತು, ಈ ಗುರುಪೂರ್ಣಿಮೆಗೆ ಸಂನ್ಯಾಸ ದೀಕ್ಷೆ ಭಾರ್ಗವಿಗೆ. ಭಾರ್ಗವಿ ಬಂದು ನಾಲ್ಕು ವರ್ಷ ತುಂಬಿಲ್ಲ. ಮಂಗಳಾರತಿ ತಟ್ಟೆ ಹಿಡಿದರೆ ಇವತ್ತಿಗೂ ಕರ್ಪೂರ ಕೆಳಗೆ ಬೀಳಿಸುತ್ತಾಳೆ. ಭಜನೆಗೆ ಕೂತರೆ ತಾಳ ಒಂದು ಕಡೆ, ಅವಳು ಇನ್ನೊಂದು ಕಡೆ. ಅಂಥವಳು ಕಾವಿ ಉಡುವುದಂತೆ, ತಾನು ಬಿಳಿ ಸೀರೆಯಲ್ಲೇ ನಿಂತು ಅವಳ ಕಾವಿ ಸೀರೆಯ ನೆರಿಗೆ ಸರಿಮಾಡುವುದಂತೆ. ಇದಕ್ಕಿಂತ ಇನ್ನೇನು ಬೇಕು ಎಂದು ವಸುಮತಿಗೆ ಮೈಯೆಲ್ಲ ಉರಿಯಿತು.

ವಸುಮತಿ ಮೊದಲು ಹುಡುಗಿಯರ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ಆ ಕೆಲಸ ಬಿಟ್ಟು, ಮದುವೆ ಬೇಡವೆಂದು ಮನೆಯವರ ಜೊತೆ ಜಗಳವಾಡಿ, ದೊಡ್ಡಮ್ಮನ ಹಿಂದೆ ಬಂದಿದ್ದಳು. ದೊಡ್ಡಮ್ಮ ಎಂದರೆ ಆ ಹೆಣ್ಣುಮಕ್ಕಳ ಆಶ್ರಮವನ್ನು ಕಟ್ಟಿದ ಗುರು, ಎಂಬತ್ತರ ಹತ್ತಿರದ ಮುದುಕಿ. ವಸುಮತಿ ಬಂದ ದಿನದಿಂದ ಬೆಳಗಿನ ಗಂಟೆ ಒಂದು ನಿಮಿಷ ಹಿಂದೆಮುಂದೆ ಆಗಿರಲಿಲ್ಲ. ಧ್ಯಾನಮಂದಿರದಲ್ಲಿ ಚಾಪೆ ನಾಲ್ಕು ಬೆರಳು ಓರೆಯಾದರೂ ಹಾಸಿದವಳನ್ನು ಅವಳು ಎಬ್ಬಿಸಿ ಕರೆಸುತ್ತಿದ್ದಳು. ಸಾಲು ತಪ್ಪಿದ ಚಪ್ಪಲಿ ಆಮೇಲೆ ತೆಂಗಿನ ಬುಡದಲ್ಲಿ ಸಿಗುತ್ತಿತ್ತು. ಆಶ್ರಮ ಅಂದರೆ ಹೀಗಿರಬೇಕು ಎಂದು ಬಂದವರೆಲ್ಲ ಹೊಗಳುತ್ತಿದ್ದರು.

ಅದನ್ನೆಲ್ಲ ಅವಳು ಈಗ ಒಂದೊಂದಾಗಿ ಎತ್ತಿ ಆಡಿದಳು. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ದು, ಮಲಗಿದವರನ್ನು ಎಬ್ಬಿಸಿ ಎಬ್ಬಿಸಿ ತನ್ನ ಗಂಟಲು ಒಣಗಿತೇ ಹೊರತು ಇನ್ನೇನು ಸಿಕ್ಕಿತು ಎಂದಳು. ಹನ್ನೊಂದು ವರ್ಷದಲ್ಲಿ ತನ್ನ ಮೇಲೆ ಯಾರಾದರೂ ಒಂದು ದೂರು ಹೇಳಿದ್ದರೆ ಈಗಲೇ ಕರೆಸಿ ಎಂದಳು. ಈ ಸಲವೂ ಉತ್ತರ ಸಿಗದಿದ್ದರೆ ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ, ಬಟ್ಟೆ ಗಂಟು ಕಟ್ಟಿಟ್ಟಾಗಿದೆ ಎಂದೂ ಹೇಳಿದಳು. ಆದರೆ ಹೋಗುವುದಕ್ಕೆ ಅವಳಿಗೆ ಬೇರೆ ಮನೆ ಇರಲಿಲ್ಲ.

ದೊಡ್ಡಮ್ಮ ಹತ್ತಿ ಹಿಂಜಿ ಹೂಬತ್ತಿ ಮಾಡುತ್ತಿದ್ದರು. ಯಾರೂ ದೂರು ಹೇಳಿಲ್ಲ, ನಿಜ, ಎಂದು ಒಪ್ಪಿಕೊಂಡರು. ಕೂತುಕೋ, ಒಂದು ಕತೆ ಹೇಳುತ್ತೇನೆ ಎಂದರು. ಕೇಳಿದ್ದು ಒಂದು ತಾರೀಕು, ಇವರು ಕತೆ ಹೇಳುತ್ತಾರಂತೆ ಎಂದು ವಸುಮತಿಗೆ ಇನ್ನಷ್ಟು ರೇಗಿತು. ಆದರೂ ಕೂತಳು.

ಒಂದು ಮಠವಿತ್ತು. ಅಲ್ಲಿ ಅಡುಗೆ ಮಾಡುವವಳು ಒಬ್ಬ ಶಿಷ್ಯೆ. ಗುರುವಿನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವಳು. ತನ್ನ ಕೈಯಡುಗೆ ಉಂಡು ಅವರು ಒಂದು ದಿನವಾದರೂ ಚೆನ್ನಾಗಿದೆ ಮಗಳೇ ಎನ್ನಬೇಕು. ಅದಕ್ಕಿಂತ ಬೇರೆ ಆಸೆ ಅವಳಿಗಿರಲಿಲ್ಲ. ಆ ಆಸೆ ಕೈಗೂಡಲೆಂದು ಅವಳೊಂದು ವ್ರತ ಹಿಡಿದಳು. ಉಪ್ಪು ಬಿಟ್ಟಳು. ತನಗೆಂದು ಬೇರೆ ಪುಟ್ಟ ಪಾತ್ರೆಯಲ್ಲಿ ಸಪ್ಪೆ ಅನ್ನ, ಸಪ್ಪೆ ಬೇಳೆ ಬೇಯಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು.

ಆ ಮಠದಲ್ಲಿ ಎರಡು ಕಟ್ಟುನಿಟ್ಟಿನ ನಿಯಮ. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ನೈವೇದ್ಯವಾದ ಮೇಲೆ ಅದು ಪ್ರಸಾದ, ಪ್ರಸಾದಕ್ಕೆ ಯಾರೂ ಹೆಸರಿಡುವಂತಿಲ್ಲ. ಹಾಗಾಗಿ ಉಪ್ಪೆಲ್ಲ ಅವಳ ಕೈಯಳತೆಯ ಮೇಲೆಯೇ ನಡೆಯಬೇಕು. ನಾನೇನೋ ಬಿಟ್ಟೆ, ಉಳಿದವರು ಪಾಪ ಯಾಕೆ ಸಪ್ಪೆ ಉಣ್ಣಬೇಕು ಎಂದು ಅವಳು ಒಂದು ಚಿಟಿಕೆ ಜಾಸ್ತಿ ಹಾಕತೊಡಗಿದಳು. ಉಪ್ಪಿನ ರುಚಿಯೇ ಮರೆತವಳ ಕೈ ಅದು. ವರ್ಷ ಕಳೆದಂತೆ ಚಿಟಿಕೆ ಹೋಗಿ ಹಿಡಿಯಾಯಿತು.

ಮೊದಮೊದಲಿಗೆ ಒಬ್ಬ ಹಿರಿಯ ಶಿಷ್ಯ ಮೆಲ್ಲಗೆ, ಇವತ್ತು ಉಪ್ಪು ತುಸು ಮುಂದಾಯಿತೇನೋ ಎಂದ. ಅಷ್ಟೇ ಅಂದದ್ದು. ಅವಳು ಸೌಟು ಕುಕ್ಕಿದಳು. ಪ್ರಸಾದಕ್ಕೆ ಹೆಸರಿಡುತ್ತೀರಾ, ನಾಲಿಗೆ ಗೆಲ್ಲದವರು ಮಠಕ್ಕೆ ಯಾಕೆ ಬಂದಿರಿ ಎಂದು ಅತ್ತು ರಂಪ ಮಾಡಿ ಬಾಗಿಲು ಹಾಕಿಕೊಂಡಳು. ಮೂರು ದಿನ ಒಲೆ ಹಚ್ಚಲಿಲ್ಲ. ಮೂರು ದಿನವೂ ಮಠದವರೆಲ್ಲ ಅವಲಕ್ಕಿ ನೆನೆಸಿಕೊಂಡು ತಿಂದರು. ನಾಲ್ಕನೆಯ ದಿನ ಗುರುಗಳೇ ಹೋಗಿ ಬಾಗಿಲು ತಟ್ಟಿ ಕರೆದರು. ಅಂದಿನಿಂದ ಯಾರೂ ತುಟಿ ಬಿಚ್ಚಲಿಲ್ಲ.

ಉಂಡವರೆಲ್ಲ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಗುರುಗಳಂತೂ ದಿನಾ ಮೂರು ಚೊಂಬು. ಅದು ಯಾವುದೋ ದೊಡ್ಡ ಯೋಗಸಾಧನೆ ಇರಬೇಕೆಂದು ಅವಳು ತಿಳಿದಳು. ನಮ್ಮ ಗುರುಗಳು ಊಟವಾದ ಮೇಲೆ ಜಲಸಾಧನೆ ಮಾಡುತ್ತಾರೆ ಎಂದು ಬಂದವರಿಗೆಲ್ಲ ಹೇಳಿದಳು. ಊಟದ ಮನೆಯಲ್ಲಿ ಇನ್ನೂ ಎರಡು ಹಂಡೆ ಇಟ್ಟು ನೀರು ತುಂಬಿಸಿದಳು.

ಇಲ್ಲಿ ವಸುಮತಿಗೆ ಕೋಪದ ನಡುವೆಯೂ ನಗು ಬಂತು. ಎಂಥ ಪೆದ್ದಿ ಎಂದಳು. ದೊಡ್ಡಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಇನ್ನೊಂದು ಬತ್ತಿ ಹೊಸೆದರು.

ಹೀಗೆ ಹನ್ನೆರಡು ವರ್ಷ ನಡೆಯಿತು. ಒಂದು ದಿನ ಒಬ್ಬ ರೈತ ತನ್ನ ಹೊಲದ ಕುಂಬಳಕಾಯಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಮಠಕ್ಕೆ ತಂದ. ಊಟದ ಹೊತ್ತಾಗಿತ್ತು, ಅವನನ್ನೂ ಪಂಕ್ತಿಯಲ್ಲಿ ಕೂರಿಸಿದರು. ಮಠದ ರೀತಿನೀತಿ ಅವನಿಗೇನು ಗೊತ್ತು? ಒಂದು ತುತ್ತು ಬಾಯಿಗಿಟ್ಟವನು ಅಲ್ಲಿಗೇ ಕೈ ನಿಲ್ಲಿಸಿದ.

“ಅವ್ವಾ, ಇದು ನಮ್ಮಿಂದ ಆಗಾಕಿಲ್ಲ. ನನ್ನ ಎತ್ತುಗಳಿಗೆ ಉಪ್ಪು ಅಂದ್ರೆ ಪ್ರಾಣ, ಅವಕ್ಕೆ ಹಾಕವ್ವ.”

ಅಡುಗೆಯವಳು ಸಿಡಿದೆದ್ದು ಬಂದಳು. ಉಳಿದವರು ಅವನ ಬಾಯಿ ಮುಚ್ಚಿಸುತ್ತಾರೆಂದು ಸುತ್ತ ನೋಡಿದಳು. ನಲವತ್ತು ಜನ ತಮ್ಮತಮ್ಮ ಎಲೆಗಳನ್ನು ನೋಡುತ್ತ ಕೂತಿದ್ದರು. ಆಗ ಅವಳು ಗುರುಗಳ ಮುಂದೆ ಹೋಗಿ, ಇವನು ಹೇಳುವುದು ನಿಜವೇ ಎಂದು ಕೇಳಿದಳು.

“ನಾನು ಹೇಳಿದರೆ ನಂಬುತ್ತೀಯ ಮಗಳೇ? ಒಂದು ಎಲೆ ಹಾಕಿಕೊಂಡು ಕೂತುಕೋ. ನೀನೇ ಉಣ್ಣು.”

ಉಂಡರೆ ಹನ್ನೆರಡು ವರ್ಷದ ವ್ರತ ಮುರಿಯುತ್ತದೆ. ಉಣ್ಣದಿದ್ದರೆ ನಿಜ ಎಂದಿಗೂ ಗೊತ್ತಾಗುವುದಿಲ್ಲ. ಆ ವ್ರತ ಬಿಟ್ಟರೆ ತನ್ನದು ಎನ್ನುವಂಥದ್ದು ಅವಳ ಹತ್ತಿರ ಏನೂ ಇರಲಿಲ್ಲ. ಅವಳು ತುಂಬಾ ಹೊತ್ತು ನಿಂತಳು. ಸಾರು ಆರಿ ತಣ್ಣಗಾಯಿತು, ಆದರೂ ಪಂಕ್ತಿಯಲ್ಲಿ ಯಾರೂ ಏಳಲಿಲ್ಲ. ಕೊನೆಗೆ ಅವಳು ರೈತನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತಳು. ಅನ್ನ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ನುಂಗಲಿಕ್ಕೆ ಆಗಲಿಲ್ಲ. ಪ್ರಸಾದ, ಉಗುಳುವಂತೆಯೂ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹಾಗೇ ಕೂತಳು. ಗುರುಗಳು ತಮ್ಮ ಚೊಂಬನ್ನು ಅವಳ ಕಡೆಗೆ ಸರಿಸಿದರು.

ಇಷ್ಟು ಹೇಳಿ ದೊಡ್ಡಮ್ಮ ಕತೆ ಮುಗಿಸಿದರು. ವಸುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಮರುಗಳಿಗೆಯೇ ಅವಳಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಆ ಹೆಂಗಸಿನ ಮೇಲಲ್ಲ, ಆ ಮಠದವರ ಮೇಲೆ.

“ಅವಳದ್ದೇನು ತಪ್ಪು ದೊಡ್ಡಮ್ಮ? ಅಲ್ಲಿದ್ದವರನ್ನು ಅನ್ನಬೇಕು. ನಲವತ್ತು ಜನರಲ್ಲಿ ಒಬ್ಬರಿಗೂ ಬಾಯಿ ಇರಲಿಲ್ಲವಾ? ಒಂದು ಸಲ ಕೂಗಾಡಿದಳು ಅಂತ ಹನ್ನೆರಡು ವರ್ಷ ಸುಮ್ಮನೆ ನುಂಗಿಕೊಂಡು ಕೂರೋದಾ? ನಮ್ಮ ಆಶ್ರಮದಲ್ಲಾಗಿದ್ದರೆ ನಾನು ಹೀಗಾಗೋಕೆ ಬಿಡುತ್ತಲೇ ಇರಲಿಲ್ಲ.”

ದೊಡ್ಡಮ್ಮ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು, ಅವಳ ಮುಖವನ್ನು ನೋಡಿ ಹೇಳಿದರು:

“ನಾವೂ ನಿನ್ನನ್ನು ಹನ್ನೊಂದು ವರ್ಷದಿಂದ ಪ್ರಸಾದ ಅಂತಲೇ ಸ್ವೀಕರಿಸುತ್ತಾ ಬಂದಿದ್ದೀವಿ, ವಸುಮತಿ.”